ಕೋಟೆ ಅರ್ಥ ಆಗಬೇಕಂದ್ರೆ ಕೋಟೆ ಕಟ್ಟಿ ನೋಡಬೇಕು

ಫ್ರಾನ್ಸಿನ ಬರ್ಗಂಡಿ ಕಡೆ, ಟ್ರೆನ್ಯಿ ಅನ್ನೋ ಊರಿನ ಹತ್ರ ಕಾಡೊಳಗೆ 1997ರಿಂದ ಒಂದು ಕೋಟೆ ಕಟ್ತಾ ಇದಾರೆ, ಹೆಸರು ಗೆದೆಲೋನ್. ಹಳೇ ಕೋಟೆ ರಿಪೇರಿ ಅಲ್ಲ, ಪಾಯದಿಂದ ಹೊಸದು, ಅದೂ 13ನೇ ಶತಮಾನದ ಟೂಲ್ಸು ಮತ್ತೆ ವಿಧಾನ ಇಟ್ಕೊಂಡು. ಸೇಫ್ಟಿಗೆ ಮಾತ್ರ ಈ ಕಾಲದ ರೂಲ್ಸು, ಉಳಿದಂತೆ ಸಿಮೆಂಟೂ ಇಲ್ಲ ಜೆಸಿಬಿನೂ ಇಲ್ಲ.

ಶುರುವಾಗಿದ್ದು ಹೀಗೆ. ಅಲ್ಲೇ ಹತ್ರ ಸೆಂ ಫಾರ್ಜೊ ಅನ್ನೋ ಇಟ್ಟಿಗೆ ಅರಮನೆ ಇದೆ, ಅದರ ಮಾಲೀಕ ಮಿಶೆಲ್ ಗಿಯೊ. ಅದನ್ನ ಸ್ಟಡಿ ಮಾಡಿದ ತಜ್ಞರು ಈ ಇಟ್ಟಿಗೆ ಒಳಗೆ ಮಧ್ಯಯುಗದ ಕಲ್ಲಿನ ಕೋಟೆ ಅಡಗಿದೆ ಅಂದ್ರು, ಗಿಯೊಗೆ ಅಂಥದ್ದೇ ಒಂದನ್ನ ಕಟ್ಟಿ ನೋಡೋ ಆಸೆ ಹತ್ಕೊಳ್ತು. ಕಟ್ಟೋರು ಒಂದು ಕತೆನೂ ಮಾಡ್ಕೊಂಡಿದಾರೆ: ಇಸವಿ 1228, ಗದ್ದುಗೆ ಮೇಲೆ ಎಳೇ ಹುಡುಗ ಒಂಬತ್ತನೇ ಲೂಯಿ, ರಾಜ್ಯಭಾರ ತಾಯಿ ಬ್ಲಾಂಶ್ ಕೈಲಿ, ಗಿಲ್ಬೇರ್ ಅನ್ನೋ ಸಣ್ಣ ದೊರೆ ತನ್ನ ಯೋಗ್ಯತೆಗೆ ತಕ್ಕ ಕೋಟೆ ಕಟ್ಕೋತಿದಾನೆ. ದೊರೆ ಕಲ್ಪನೆ, ಆದ್ರೆ ಈ ಕಟ್ಟುಪಾಡು ಬಹಳ ಮುಖ್ಯ ಅನ್ಸುತ್ತೆ ನಂಗೆ, ಯಾಕಂದ್ರೆ ಸಣ್ಣ ದೊರೆ ಅಂದ್ಮೇಲೆ ದುಡ್ಡೂ ಸಣ್ಣದು, ಕೈಗೆ ಸಿಗೋದ್ರಲ್ಲೇ ಕಟ್ಟಬೇಕು.

ಪ್ಲಾನ್ ಮಾತ್ರ ಕಲ್ಪನೆ ಅಲ್ಲ. 1180ರಿಂದ 1223ರವರೆಗೆ ಆಳಿದ ಫಿಲಿಪ್ ಒಗುಸ್ತ್ ಕಾಲಕ್ಕೆ ಕೋಟೆಗೆ ಒಂಥರಾ ಸ್ಟ್ಯಾಂಡರ್ಡ್ ಡಿಸೈನೇ ಬಂದಿತ್ತು, ದೂರ್ದಾಂ ಅನ್ನೋ ಊರಲ್ಲಿ ಅಂಥದ್ದು ಈಗ್ಲೂ ನಿಂತಿದೆ. ನೇರ ಗೋಡೆಗಳು, ಹೊರಗೆ ನೀರಿಲ್ಲದ ಕಂದಕ, ಮೂಲೆಗೊಂದು ದುಂಡನೆ ಬತೇರಿ, ಅದ್ರಲ್ಲೊಂದು ಉಳಿದವಕ್ಕಿಂತ ಎತ್ತರ, ಹೆಬ್ಬಾಗಿಲಿಗೆ ಜೋಡಿ ಬತೇರಿ. ಬಾಣ ಬಿಡೋ ಕಿಂಡಿಗಳು ಒಂದರ ಮೇಲೊಂದು ಬರಲ್ಲ, ಮಹಡಿಯಿಂದ ಮಹಡಿಗೆ ಪಕ್ಕಕ್ಕೆ ಸರಿದಿರ್ತವೆ, ಒಂದೇ ಗೆರೇಲಿ ತೂತು ಬಿದ್ರೆ ಗೋಡೆ ಅಲ್ಲೇ ಬಲ ಕಳ್ಕೊಳ್ಳುತ್ತೆ, ಜೊತೆಗೆ ಕೆಳಗಿನ ಕಿಂಡಿಗೆ ಕಾಣದ ಜಾಗ ಮೇಲಿನದಕ್ಕೆ ಕಾಣುತ್ತೆ.

ಜಾಗ ಆರಿಸಿದ್ದೂ ಯೋಚನೆ ಮಾಡಿನೇ. ಅದು ಹಳೇ ಕಲ್ಲುಕ್ವಾರಿ, ಸುತ್ತ ಓಕ್ ಕಾಡು, ನೀರು, ಮಣ್ಣು, ಮರಳು ಎಲ್ಲಾ ಕಾಲ್ನಡಿಗೆ ದೂರದಲ್ಲಿ. ಅಲ್ಲಿನ ಮರಳುಗಲ್ಲಲ್ಲಿ ಕಬ್ಬಿಣದ ಅಂಶ ಇದೆ, ಅದಕ್ಕೇ ಕೆಂಪು ಕಂದು ಬಣ್ಣ. ಫ್ರಾನ್ಸಿನ ಕಲ್ಲುಕುಟಿಗರು ಮರಳುಗಲ್ಲನ್ನ ಸುತ್ತಿಗೇಲಿ ತಟ್ಟಿ, ಬರೋ ಸದ್ದಿನ ಮೇಲೆ ಪಿಫ್, ಪಾಫ್, ಪೂಫ್ ಅಂತಾರೆ: ಪಿಫ್ ಅಂದ್ರೆ ತುಂಬಾ ಗಟ್ಟಿ, ಪೂಫ್ ಅಂದ್ರೆ ಪುಡಿ ಆಗುತ್ತೆ.

ಅಳತೆಗೆ ನಂಗೆ ತುಂಬಾ ಇಷ್ಟ ಆಗಿದ್ದು ಗಂಟಿನ ಹಗ್ಗ. 13 ಗಂಟು, ನಡುವೆ 12 ಸಮ ಅಂತರ. 3, 4, 5 ಅಂತರದ ತ್ರಿಕೋನ ಮಾಡಿ ಬಿಗಿಯಾಗಿ ಎಳೆದ್ರೆ ಒಂದು ಮೂಲೆ ಕರೆಕ್ಟಾಗಿ 90 ಡಿಗ್ರಿ, ಓದು ಬರಹ ಬರದೇ ಇರೋ ಮೇಸ್ತ್ರಿಗೂ ಪೈಥಾಗೊರಸ್ ಕೈಲೇ ಇರ್ತಾನೆ.

ಗೋಡೆ ಅಂದ್ರೆ ಪೂರ್ತಿ ಕೆತ್ತಿದ ಕಲ್ಲಲ್ಲ, ಒಳಗೊಂದು ಹೊರಗೊಂದು ಕಲ್ಲಿನ ಮುಖ, ನಡುವೆ ಚೂರುಕಲ್ಲು, ಸುಣ್ಣದ ಗಾರೆ. ಈ ಗಾರೆ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಹೀರ್ಕೊಂಡು ಮತ್ತೆ ಸುಣ್ಣಗಲ್ಲಾಗ್ತಾ ಗಟ್ಟಿಯಾಗೋದು, ಆದ್ರೆ ದಪ್ಪ ಗೋಡೆ ನಡುವಿಗೆ ಗಾಳಿ ಮುಟ್ಟೋದೇ ಕಷ್ಟ, ಹಾಗಾಗಿ ಒಳಗಡೆ ಗಟ್ಟಿಯಾಗೋಕೆ ವರ್ಷಗಟ್ಟಲೆ ಬೇಕು. ಹಸಿ ಗಾರೇಲಿ ನೀರು ಹೆಪ್ಪುಗಟ್ಟಿದ್ರೆ ಉಬ್ಬಿ ಬಿರುಕು ಬಿಡುತ್ತೆ, ಅದಕ್ಕೇ ಚಳಿಗಾಲದಲ್ಲಿ ಗೋಡೆ ಕೆಲಸ ಬಂದ್.

ಕಲ್ಲು ಮೇಲೇರ್ಸೋಕೆ ಮನುಷ್ಯ ಒಳಗೆ ನಿಂತು ನಡೆಯೋ ದೊಡ್ಡ ಮರದ ಚಕ್ರ. ಚಕ್ರದ ವ್ಯಾಸ ಹಗ್ಗ ಸುತ್ತೋ ದಿಂಡಿನ ಹತ್ತರಷ್ಟಿದ್ರೆ ಒಬ್ಬ ಹಾಕೋ ಬಲಕ್ಕೆ ಹೆಚ್ಚುಕಮ್ಮಿ ಹತ್ತರಷ್ಟು ಭಾರ ಏಳುತ್ತೆ, ಬದಲಿಗೆ ಅವನು ಹತ್ತರಷ್ಟು ದೂರ ನಡೀಬೇಕು ಅಷ್ಟೇ. ಆದ್ರೆ ಎದೆ ಢವಢವ ಅನ್ನೋದು ಕಮಾನುಚಾವಣಿ ಕಟ್ಟಿ ಕೆಳಗಿನ ಮರದ ಆಸರೆ ಬಿಚ್ಚೋವಾಗ, ಅಲ್ಲೀವರೆಗೂ ಮರದ ಮೇಲೆ ಕೂತಿದ್ದ ಕಲ್ಲುಗಳು ಆಗ ಒಂದನ್ನೊಂದು ಒತ್ಕೊಂಡು ತಾವೇ ನಿಲ್ಲಬೇಕು, ಆ ಒತ್ತಡ ಹೊರಗೆ ತಳ್ಳೋದನ್ನ ಬತೇರಿಯ ದಪ್ಪ ಗೋಡೆ ತಡ್ಕೋಬೇಕು.

2019ರ ಏಪ್ರಿಲಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಚಾವಣಿ ಸುಟ್ಟುಹೋಯ್ತು. ಅದನ್ನ ಮತ್ತೆ ಮಧ್ಯಯುಗದ ಥರಾನೇ ಹಸಿ ಓಕ್ ಮರದಿಂದ ಕಟ್ಟಬೇಕು ಅಂತಾದಾಗ, ಕೊಡಲೀಲಿ ತೊಲೆ ಕೆತ್ತೋಕೆ ಗೊತ್ತಿದ್ದೋರು ಬೇಕಾಯ್ತು. ಗೆದೆಲೋನಲ್ಲಿ ಕೈ ಪಳಗಿಸಿಕೊಂಡ ಬಡಗಿಗಳು ಆ ತಂಡಗಳಲ್ಲಿದ್ರು.