ಝೆರ್ಮಾಟ್: ಕಡಲತಳದ ಕಲ್ಲಿನ ಮೇಲಿನ ಊರು

ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತದಲ್ಲಿ, ಇಟಲಿಯ ಗಡಿಗೆ ಸಮೀಪದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದ ಕಣಿವೆಯ ಕೊನೆಯಲ್ಲಿ ಝೆರ್ಮಾಟ್ ಇದೆ. ಆರು ಸಾವಿರದಷ್ಟು ಜನಸಂಖ್ಯೆಯ ಈ ಪುಟ್ಟ ಊರಿಗೆ ಪ್ರವಾಸಿಗರು ಬರುವುದು ಮುಖ್ಯವಾಗಿ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರವನ್ನು ನೋಡಲು. ಅವರು ಫೋಟೊ ತೆಗೆಯುವ ಆ ತುದಿಯ ಕಲ್ಲು ಮಾತ್ರ ಮೂಲತಃ ಯುರೋಪಿನದ್ದಲ್ಲ.

ಡೈನೋಸಾರ್‌ಗಳ ಕಾಲದಲ್ಲಿ ಯುರೋಪು ಮತ್ತು ಆಫ್ರಿಕಾದ ನಡುವೆ ಟೆಥಿಸ್ ಸಾಗರದ ಕವಲೊಂದು ಹರಡಿತ್ತು. ಭೂಮಿಯ ಹೊರಪದರದ ದೊಡ್ಡ ತುಂಡುಗಳಾದ ಭೂಫಲಕಗಳು ಪರಸ್ಪರ ಹತ್ತಿರ ಸರಿದಂತೆ ಅದು ಮುಚ್ಚಿಕೊಂಡು, ಆಫ್ರಿಕಾದ ಕಡೆಯಿಂದ ಬಂದ ಫಲಕದ ಅಂಚು ಸಾಗರತಳದ ಚೂರುಗಳ ಮೇಲೇರಿ ಕುಳಿತಿತು. ಹೀಗಾಗಿ ಶಿಖರದ ಮೇಲುಭಾಗದಲ್ಲಿ ಆ ಫಲಕದ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆಯಿದ್ದರೆ, ಬುಡದಲ್ಲಿಯೂ ಊರಿನ ಸುತ್ತಲೂ ಹಸಿರು ಛಾಯೆಯ ಸಾಗರತಳದ ಬಂಡೆಗಳಿವೆ. ಕಡಲಿನಡಿ ಉಕ್ಕಿ ಹೆಪ್ಪುಗಟ್ಟಿದ ಲಾವಾ ಕೂಡ ಈ ಬೆಟ್ಟಗಳಲ್ಲಿ ಕಾಣಸಿಗುತ್ತದೆ. ಎಷ್ಟೋ ಕಾಲದ ನಂತರ ಹಿಮನದಿಗಳು ನಾಲ್ಕೂ ಬದಿಯಿಂದ ಕೊರೆದು ಶಿಖರಕ್ಕೆ ಇಂದಿನ ಚೂಪು ಆಕಾರವನ್ನು ಕೊಟ್ಟವು.

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಇದು ದನ, ಕುರಿ ಸಾಕುತ್ತಿದ್ದ ಬೇಸಾಯಗಾರರ ಹಳ್ಳಿ. 1865ರ ಜುಲೈ 14ರಂದು ಇಂಗ್ಲಿಷ್ ಪರ್ವತಾರೋಹಿ ಎಡ್ವರ್ಡ್ ವಿಂಪರ್‌ನ ತಂಡದ ಏಳು ಜನ ಮೊದಲ ಬಾರಿಗೆ ಶಿಖರವನ್ನೇರಿದರು. ಇಳಿಯುವಾಗ ಒಬ್ಬ ಜಾರಿ, ಹಗ್ಗ ತುಂಡಾಗಿ ನಾಲ್ವರು ಸತ್ತರು. ದುರಂತದ ಸುದ್ದಿಯೇ ಊರಿಗೆ ಜಾಹೀರಾತಾಯಿತೆನ್ನುವುದು ಕಠೋರವಾಗಿ ಕೇಳಿಸಿದರೂ ಸುಳ್ಳಲ್ಲ. ತುಂಡಾದ ಹಗ್ಗವನ್ನು ಅಲ್ಲಿನ ಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. 1891ರಲ್ಲಿ ಫಿಸ್ಪ್ ಪಟ್ಟಣದಿಂದ ರೈಲು ಬಂತು. 1898ರಲ್ಲಿ ಹಲ್ಲುಳ್ಳ ಕಂಬಿಯನ್ನು ಹಿಡಿದು ಏರುವ ವಿದ್ಯುತ್ ರೈಲು 3,000 ಮೀಟರಿಗೂ ಹೆಚ್ಚು ಎತ್ತರದ ಗೋರ್ನರ್‌ಗ್ರಾಟ್ ಬೆಟ್ಟವನ್ನು ತಲುಪಿತು. ಪೆಟ್ರೋಲ್ ಕಾರುಗಳಿಗೆ ಊರೊಳಗೆ ಪ್ರವೇಶವಿಲ್ಲ. ಪ್ರವಾಸಿಗರು ಐದು ಕಿಲೋಮೀಟರ್ ಕೆಳಗಿನ ಟೇಶ್‌ನಲ್ಲಿ ಕಾರು ನಿಲ್ಲಿಸಿ ರೈಲು ಹತ್ತುತ್ತಾರೆ.

ಇಷ್ಟೆಲ್ಲಕ್ಕೂ ಆಧಾರವಾದ ಹಿಮ ಈಗ ಕರಗುತ್ತಿದೆ. ಬಂಡೆಯ ಬಿರುಕುಗಳನ್ನು ಬೆಸೆದು ಹಿಡಿದಿರುವ ಮಂಜುಗಡ್ಡೆ ಸಡಿಲಗೊಂಡರೆ ಕಲ್ಲು ಕುಸಿಯುತ್ತದೆ. 2003ರ ಬಿಸಿ ಬೇಸಿಗೆಯಲ್ಲಿ ಮ್ಯಾಟರ್‌ಹಾರ್ನ್ ಏರುವ ದಾರಿಯಾದ ಹೋರ್ನ್ಲಿ ಎಂಬ ಬಂಡೆಯಂಚಿನಲ್ಲಿ ಹಾಗೆಯೇ ಆಗಿ, ಆರೋಹಿಗಳನ್ನು ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಬೇಕಾಯಿತು. ಬೇಸಿಗೆಯಲ್ಲಿಯೂ ಸ್ಕೀಯಿಂಗ್ ನಡೆಯುವ ಥಿಯೋಡುಲ್ ಹಿಮನದಿಯ ಭಾಗದಲ್ಲಿ ನೀರು ಎರಡು ಕಡೆಗೆ ಇಬ್ಭಾಗವಾಗಿ ಹರಿಯುವ ರೇಖೆಯೇ ಎರಡು ದೇಶಗಳ ಗಡಿ. ಹಿಮ ಕುಗ್ಗಿ ಆ ರೇಖೆ ಸರಿದುದರಿಂದ ಸ್ವಿಟ್ಜರ್ಲೆಂಡ್ ಮತ್ತು ಇಟಲಿ 2023ರಲ್ಲಿ ಗಡಿಯನ್ನು ತಿದ್ದಲು ಒಪ್ಪಿಕೊಂಡವು, ಮರುವರ್ಷ ಸ್ವಿಸ್ ಸರ್ಕಾರ ಅದಕ್ಕೆ ಅನುಮೋದನೆ ನೀಡಿತು.