ಪ್ಲಾಟ್ ಮಾರದಿದ್ರೆ ಮತ್ತೆ ಬಿತ್ತಿದರಾಯ್ತು, ಅಲ್ವಾ?

ಪ್ರಶ್ನೆ: ವಿಜಯಪುರದ ಹತ್ತಿರ ನಮ್ಮದು ನಾಲ್ಕು ಎಕರೆ ಎರಿ (ಕಪ್ಪು ಮಣ್ಣಿನ) ಹೊಲ. ಎನ್‌ಎ (ಕೃಷಿಯೇತರ ಜಮೀನು) ಮಾಡಿಸಿ ಪ್ಲಾಟ್ ಹಾಕೋಣ ಅಂತ ಮಗನ ಹಠ. ಮಾರಾಟ ಆಗದಿದ್ದರೆ ಮತ್ತೆ ಜೋಳ ಬಿತ್ತಿದರಾಯ್ತಲ್ಲ?

ಉತ್ತರ: ಇದೇ ಪ್ರಶ್ನೆ ಎಷ್ಟನೇ ಸಲವೋ, ಎಣಿಸೋದು ಬಿಟ್ಟಿದ್ದೇನೆ. ಊರು ಬೇರೆ, ಎಕರೆ ಬೇರೆ, ಕೊನೆಯ ಸಾಲು ಮಾತ್ರ ಅದೇ.

ಕಾಗದದ ಮಾತು ಮೊದಲು ಮುಗಿಸೋಣ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಎನ್‌ಎ ಆದೇಶ ಕೊಡುವವರು ಜಿಲ್ಲಾಧಿಕಾರಿ. ಆಮೇಲೆ ಉತಾರದಲ್ಲಿ (ಪಹಣಿಯಲ್ಲಿ) ಅದು ಹೊಲವಾಗಿ ಉಳಿಯೋದಿಲ್ಲ, ಬೆಳೆಸಾಲದ ಆಸೆ ಬಿಡಿ. ಆದರೆ ಇಷ್ಟಕ್ಕೇ ಮಣ್ಣಿಗೇನೂ ಆಗುವುದಿಲ್ಲ. ಜೆಸಿಬಿ ಇಳಿಯುವ ತನಕ ಹಾಯಾಗಿ ಕೂರಿಗೆ ಹೊಡೆಯಿರಿ.

ಇಳಿದ ಮೇಲೆ? "ಮಣ್ಣು ಎಲ್ಲಿ ಹೋಗ್ತದ್ರೀ, ಅಲ್ಲೇ ಇರ್ತದಲ್ಲ" ಅಂತಾರೆ. ಮಣ್ಣು ಅಲ್ಲೇ ಇರುತ್ತದೆ, ಸರಿ. ಹೊಲ ಇರೋದಿಲ್ಲ.

ಹಿಂಗಾರಿ ಜೋಳ ನಿಮಗೆ ನಾನು ಹೇಳಿಕೊಡಬೇಕಾ? ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತುತ್ತೀರಿ. ಆಮೇಲೆ ಮಳೆ ಕೈಕೊಟ್ಟರೂ ತೆನೆ ಕಟ್ಟುತ್ತದೆ. ಅದನ್ನು ಸಾಕುವುದು ಎರಿ ಮಣ್ಣು ಆಳದಲ್ಲಿ ಹಿಡಿದಿಟ್ಟುಕೊಂಡ ಹಸಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು ಬಿಡ್ತದಲ್ಲ, ಮೇಲಿನ ಪುಡಿಮಣ್ಣು ಅದರೊಳಗೆ ಉದುರುತ್ತದೆ. ಮಳೆ ಬಿದ್ದಾಗ ಉಬ್ಬಿ ಮುಚ್ಚಿಕೊಳ್ಳುತ್ತದೆ. ತನ್ನನ್ನು ತಾನೇ ಉತ್ತುಕೊಳ್ಳುವ ಮಣ್ಣು ಅದು! ನಿಮ್ಮ ಅಜ್ಜ ವಡ್ಡು (ಮಣ್ಣಿನ ಬದು) ಹಾಕಿದ್ದು ನೀರು ನಿಂತು ಇಂಗಲಿ ಅಂತ.

ಲೇಔಟ್‌ನವರು ಮೊದಲು ಕೆಡವೋದೇ ಆ ವಡ್ಡು. ರಸ್ತೆಗೆ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಸುರಿದು ರೋಲರ್ ಹೊಡೆಸುತ್ತಾರೆ. ನೀರು ನಿಲ್ಲಬಾರದು ಅಂತ ಗಟಾರ ತೋಡುತ್ತಾರೆ. ಇಂಡಿ ರಸ್ತೆ ಕಡೆ ಹೀಗೆ ಮಾರದೇ ಉಳಿದ ಒಂದು ಲೇಔಟ್‌ನಲ್ಲಿ ಮಾಲೀಕರು ಮತ್ತೆ ಜೋಳ ಬಿತ್ತಿದ್ದರು. ನೋಡೋಕೆ ಹೋಗಿದ್ದೆ. ಗರಸು ಕೆರೆದು ತೆಗೆಸಿದ್ದರು, ಆದರೂ ರಸ್ತೆ ಇದ್ದ ಪಟ್ಟಿ ದೂರದಿಂದಲೇ ಗೊತ್ತಾಗುತ್ತಿತ್ತು: ಮೊಣಕಾಲೆತ್ತರದ ಹಳದಿ ಪೈರು. ಹಾರೆ ಹಾಕಿದೆ. ನಾಲ್ಕು ಬೆರಳು ಇಳಿದು ಠಣ್ ಅಂತು. ಉಳಿದ ಕಡೆ ಪೈರು ಎದ್ದಿತ್ತು, ಆದರೆ ವಡ್ಡಿಲ್ಲದೆ ಹಸಿ ಸಾಲದೆ ತೆನೆ ಜೊಳ್ಳು.

ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.60ರಿಂದ 524.256 ಮೀಟರ್‌ಗೆ ಏರಿದರೆ ಸುಮಾರು 75 ಸಾವಿರ ಎಕರೆ ಮುಳುಗುತ್ತದೆ ಅನ್ನೋದು ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಆದರೆ ಬಾಗಲಕೋಟೆ ಕಡೆ ಹಿನ್ನೀರು ಇಳಿದ ಜಾಗದಲ್ಲೇ ಬಿತ್ತುವವರಿದ್ದಾರೆ. ರೋಲರ್ ಹೊಡೆದ ಜಾಗದಲ್ಲಿ ಬಿತ್ತಿ ತೋರಿಸಿ ನೋಡೋಣ. ಆದರೂ ಲೇಔಟ್‌ಗೆ ಹೀಗೆ ನಾಲ್ಕು ನಾಲ್ಕು ಎಕರೆ ಹೋಗೋದನ್ನು ಯಾರೂ ಬಾಯಿಪಾಠ ಮಾಡೋದಿಲ್ಲ.

ಇನ್ನೊಂದು ಪ್ರಶ್ನೆ ನೀವು ಕೇಳಲಿಲ್ಲ, ಕೇಳಬೇಕಿತ್ತು: ಎರಿ ನೆಲದ ಮೇಲೆ ಕಟ್ಟಿದ ಮನೆ ಗೋಡೆ ಯಾಕೆ ಸೀಳುತ್ತದೆ? ಅದೇ ಕಾರಣ. ಹೊಲದಲ್ಲಿ ಉಬ್ಬಿ ಕುಗ್ಗುವ ಮಣ್ಣು ಮನೆ ಕೆಳಗೂ ಉಬ್ಬಿ ಕುಗ್ಗುತ್ತದೆ. ಅದಕ್ಕೇ ಗೌಂಡಿಗಳು ಬುನಾದಿಯ ಎರಿ ಮಣ್ಣನ್ನು ತೋಡಿ ಹೊರಗೆ ಹಾಕಿಸಿ ಗರಸು ತುಂಬಿಸ್ತಾರೆ. ಖರ್ಚು ಜಾಸ್ತಿ. ಜೋಳಕ್ಕೆ ಒಂದನೇ ನಂಬರ್ ಮಣ್ಣು, ಮನೆಗೆ ಕೊನೇ ನಂಬರ್.

ಮಗನಿಗೆ ಹೇಳಿ, ಪ್ಲಾಟ್ ನೋಡೋಕೆ ಬಂದವರು ಮೊದಲು ಕಾಲಲ್ಲಿ ನೆಲ ಕೆದಕಿ ನೋಡ್ತಾರೆ. "ಎರಿ ಐತಿ ಏನ್ರೀ?" ಅಂತಾರೆ. ಆಮೇಲೆ ರೇಟು ಇಳಿಸ್ತಾರೆ.