ಬೀಗ ಹಾಕಿದ ಮನೆಯಲ್ಲೂ ರೋಗಿ ಇದ್ದಾರೆ

ಕಲಬುರಗಿ, ಬೀದರ್, ಯಾದಗಿರಿ, ಮೂರೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗದ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸೀಟುಗಳಲ್ಲಿ ನೂರಕ್ಕೆ 70 ಇಲ್ಲಿನವರಿಗೇ ಮೀಸಲು. ಚಿಂಚೋಳಿ, ಸುರಪುರ, ಔರಾದ್ ಕಡೆಯ ಮಕ್ಕಳು ಏಪ್ರನ್ ಹಾಕಿಕೊಂಡು ವಾರ್ಡಿಗೆ ಬರುತ್ತಾರೆ. ನನಗೆ ಇದು ತುಂಬಾ ಖುಷಿ ಕೊಡುವ ವಿಷಯ. ಆದರೆ ಸೀಟು ಸಿಕ್ಕರೆ ಅರ್ಧ ಕೆಲಸ ಆದಂತೆ, ಅಷ್ಟೇ.

ಅಮೆರಿಕದ ಓಕ್ಲೆಂಡ್‌ನಲ್ಲಿ ನಡೆದ ಒಂದು ಅಧ್ಯಯನವನ್ನು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಕಪ್ಪು ಜನಾಂಗದ ಗಂಡಸರಿಗೆ ಮೊದಲು ಡಾಕ್ಟರ ಫೋಟೊ ಮಾತ್ರ ತೋರಿಸಿ, ಯಾವ ಯಾವ ಟೆಸ್ಟ್ ಮಾಡಿಸಿಕೊಳ್ಳುತ್ತೀರಿ ಅಂತ ಕೇಳಿದರು. ಡಾಕ್ಟರ್ ಕಪ್ಪು ಜನಾಂಗದವರಾದರೂ ಬಿಳಿಯರಾದರೂ ಉತ್ತರದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಎದುರು ಕೂತು ಮಾತಾಡಿದ ಮೇಲೆ ಮಾತ್ರ, ತಮ್ಮದೇ ಜನಾಂಗದ ಡಾಕ್ಟರ್ ಸಿಕ್ಕವರು ಜಾಸ್ತಿ ಟೆಸ್ಟ್‌ಗಳಿಗೆ ಒಪ್ಪಿದರು. ಮುಖ ನೋಡಿ ಒಪ್ಪಲಿಲ್ಲ, ಮಾತಾಡಿ ಒಪ್ಪಿದರು, ಅಲ್ವಾ?

ನಮ್ಮ ವಾರ್ಡಿನಲ್ಲೂ ಇದನ್ನು ಕಂಡಿದ್ದೇನೆ. ಟಿಬಿ ಇರುವ ಒಬ್ಬರಿಗೆ ಡಿಸ್ಚಾರ್ಜ್ ಹೊತ್ತಿಗೆ ಎಲ್ಲರೂ ಹೇಳಿದ್ದು ಒಂದೇ: ಆರು ತಿಂಗಳು ಮಾತ್ರೆ ಬಿಡಬೇಡಿ. ಲಂಬಾಣಿ ತಾಂಡಾದಿಂದ ಓದಲು ಬಂದ ಒಬ್ಬ ಹುಡುಗ ಮಾತ್ರ, "ಕಾಕಾ, ದೀಪಾವಳಿ ಆದ್ಮ್ಯಾಲ ಊರಾಗ ಇರ್ತೀರೇನು?" ಅಂತ ಕೇಳಿದ. "ಇಲ್ಲಪ್ಪಾ, ಕಬ್ಬು ಕಡ್ಯಾಕ ಹೋಗ್ತೀವಿ. ಹೋಳಿ ಹುಣ್ಣಿಮಿಗೆ ಬರ್ತೀವಿ." ಮಾತ್ರೆ ತಪ್ಪುವುದು ಆ ತಿಂಗಳುಗಳಲ್ಲೇ. ಟಿಬಿ ಮಾತ್ರೆ ದೇಶದ ಯಾವ ಸರ್ಕಾರಿ ದವಾಖಾನೆಯಲ್ಲಾದರೂ ಉಚಿತ. ಟಿಬಿ ರೋಗಿಗಳ ಹೆಸರು ದಾಖಲಿಸುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವರ ಹೆಸರನ್ನು ಅಲ್ಲಿನ ಕೇಂದ್ರಕ್ಕೂ ವರ್ಗ ಮಾಡಬಹುದು. ಆದರೆ ಯಾರಾದರೂ ಕೇಳಿದರೆ ತಾನೇ ಅದು ಆಗುವುದು!

ಹಾಗಂತ ಈ ಪ್ರಶ್ನೆಯನ್ನು ತಾಂಡಾದ ಹುಡುಗನೇ ಕೇಳಬೇಕೆಂದಿಲ್ಲ. ಬೆಂಗಳೂರಿನಿಂದ ಬಂದವರಿಗೂ ಕಲಿಸಬಹುದು. ಅದಕ್ಕೊಂದು ದಾರಿ ಈಗಾಗಲೇ ಇದೆ. ಎಂಬಿಬಿಎಸ್ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ನೋಡಿಕೊಳ್ಳಬೇಕು ಅನ್ನುವುದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ. ಬಸ್ಸಿನಲ್ಲಿ ಹೋಗುತ್ತಾರೆ, ಬಿಪಿ ನೋಡುತ್ತಾರೆ, ಲಾಗ್‌ಬುಕ್ ತುಂಬುತ್ತಾರೆ. ಬೀಗ ಹಾಕಿದ ಮನೆ ಸಿಕ್ಕರೆ ಪಕ್ಕದ ಮನೆಗೆ ಹೋಗುತ್ತಾರೆ. ನನಗೆ ನೋವಾಗುವುದು ಇಲ್ಲೇ. ಗುಳೆ ಹೋದ ಆ ಮನೆಯಲ್ಲೇ ಬಸುರಿ ಇರಬಹುದು, ಲಸಿಕೆ ತಪ್ಪಿದ ಕೂಸು ಇರಬಹುದು. ನೆರೆಯವರನ್ನು ಕೇಳಿದರೆ ಫೋನ್ ನಂಬರ್ ಸಿಗುತ್ತದೆ. ಯಾವ ಊರಿಗೆ ಹೋಗಿದ್ದಾರೆ, ಬಸುರಿಯ ತಪಾಸಣೆ ಬರೆದಿಡುವ 'ತಾಯಿ ಕಾರ್ಡ್' ಜೊತೆಗೆ ಒಯ್ದಿದ್ದಾರಾ, ಮುದುಕಿಯನ್ನು ಯಾರ ಹತ್ತಿರ ಬಿಟ್ಟಿದ್ದಾರೆ, ಎಲ್ಲ ಗೊತ್ತಾಗುತ್ತದೆ. ಆಶಾ ಕಾರ್ಯಕರ್ತೆಗೆ ಇದರಲ್ಲಿ ಮುಕ್ಕಾಲು ಪಾಲು ಬಾಯಿಪಾಠ. ಅವರನ್ನು ದಾರಿ ತೋರಿಸಲು ಮಾತ್ರ ಕರೆದರೆ ಸಾಲದು, ಪಾಠ ಹೇಳಲು ಕರೆಯಬೇಕು.

ಇನ್ನೊಂದು ಸಣ್ಣ ವಿಷಯ. ರಕ್ತ ಕಡಿಮೆಯಾದರೆ ಚರ್ಮ ಬಿಳಚಿಕೊಳ್ಳುತ್ತದೆ ಅಂತ ಹುಡುಗರು ಓದಿರುತ್ತಾರೆ. ಬಿಸಿಲಲ್ಲಿ ದುಡಿದು ಕಪ್ಪಾದ ಮೈಯಲ್ಲಿ ಅದು ಸುಲಭಕ್ಕೆ ಕಾಣುವುದಿಲ್ಲ. ಕಣ್ಣಿನ ಕೆಳರೆಪ್ಪೆ, ನಾಲಿಗೆ, ಅಂಗೈ ನೋಡಿ ಅಂತ ಪ್ರತಿ ಬ್ಯಾಚಿಗೂ ಹೇಳಬೇಕು.

ನನ್ನ ಜೊತೆ ಪಾಠ ಮಾಡುವವರಲ್ಲಿ ಒಂದು ವಿನಂತಿ. ಹಳ್ಳಿ ಭೇಟಿಯ ದಿನಗಳನ್ನು ಕಾಲೇಜಿನ ಟೈಮ್‌ಟೇಬಲ್ ನೋಡಿ ಇಡಬೇಡಿ. ಮೊದಲ ಭೇಟಿ ದಸರೆಗೂ ಮುಂಚೆ ಇರಲಿ, ಎಲ್ಲರೂ ಊರಲ್ಲೇ ಸಿಗುತ್ತಾರೆ. ಎರಡನೆಯದು ಹೋಳಿ ನಂತರ. ನಡುವಿನ ತಿಂಗಳುಗಳಿಗೆ ಲಾಗ್‌ಬುಕ್‌ನಲ್ಲಿ ಫೋನಿನಲ್ಲಿ ವಿಚಾರಿಸಿದ್ದನ್ನು ಬರೆಯಲು ಒಂದು ಪುಟ ಬಿಡಿ, ಅದಕ್ಕೂ ಮಾರ್ಕ್ಸ್ ಕೊಡಿ.